ಕಾಂಕ್ರೀಟಿಗೆ ಕಲ್ಲಿನ ವೇಷ

ನನ್ನ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ, ಆಮೇಲೆ ಊಟ ಸೇರುವುದಿಲ್ಲ.

ಹಸಿ ಕಾಂಕ್ರೀಟಿಗೆ ಕಲ್ಲಿನ ವೇಷ ಹಾಕುವುದು ನನ್ನ ಕೆಲಸ. ಕಲ್ಲಿನ ಆಕಾರಕ್ಕೆ ಕಂಡಿ ಕತ್ತರಿಸಿದ ದಪ್ಪ ಹಾಳೆಯನ್ನು ಹಸಿ ನೆಲದ ಮೇಲೆ ಹಾಸಬೇಕು, ಬಣ್ಣದ ಪುಡಿ ಉದುರಿಸಬೇಕು, ಕರಣೆಯಿಂದ ತೀಡಬೇಕು. ಹಾಳೆ ಎತ್ತಿದರೆ ಸಾಲಾಗಿ ಕಲ್ಲು, ನಡುವೆ ಸಂದು. ಬೇಕೆಂದರೆ ಇಟ್ಟಂಗಿ. ನಮ್ಮಪ್ಪ ಖರೇ ಕಲ್ಲು ಹಾಸುತ್ತಿದ್ದ. ಅವನು ಹಾಸಿದ ಅಂಗಳಗಳೆಲ್ಲ ಈಗ ಹಿನ್ನೀರಿನ ಅಡಿಗಿವೆ, ನಮ್ಮ ಮನೆಯದೂ ಸೇರಿ. ಅವನ ಮಗ ನಾನು ಹಾಳೆ ಸುರುಳಿ ಸುತ್ತಿಕೊಂಡು ಜಮಖಂಡಿ, ಮುಧೋಳ, ಬೀಳಗಿ ಎಂದು ತಿರುಗುತ್ತೇನೆ. ನನಗಿದ್ದ ಆಸೆ ಒಂದೇ. ನಾನು ಮಾಡಿದ್ದನ್ನು ನೋಡಿ ಒಬ್ಬರಾದರೂ ‘ಇದು ಕಲ್ಲು’ ಅನ್ನಬೇಕು.

ಸೆರಗು

ಬನಹಟ್ಟಿಯಲ್ಲಿ ಒಬ್ಬ ಮಗ್ಗದ ಮಾಲೀಕ ಹೊಸ ಮನೆ ಕಟ್ಟಿಸಿದ್ದ. ನನ್ನ ಹಾಳೆಯ ಕಂಡಿಯಲ್ಲಿ ಬೆರಳು ತೂರಿಸಿ ನೋಡಿ ಬಹಳ ಖುಷಿಯಾದ.

“ನಮ್ಮ ಮಗ್ಗದ ಡಿಜೈನ್ ಕಾರ್ಡ್ ಇದ್ದಂಗ ಐತಲ್ರಿ! ನಮ್ಮದರಾಗೂ ತೂತ ಇದ್ದಲ್ಲೇ ಹೂ ಬರತೈತಿ.”

ಅಂಗಳದ ತುಂಬ ಕೆಂಪು ಇಟ್ಟಂಗಿ ಮೂಡಿಸುತ್ತೇನೆ ಎಂದೆ. ಅವನ ಮುಖ ಸಣ್ಣದಾಯಿತು.

“ಬರೇ ಇಟ್ಟಂಗಿ ಆದ್ರ ಬಟ್ಟಿ ಥಾನ ಆತು, ಸೀರಿ ಎಲ್ಲಿ ಆತು? ಎರಡೂ ಕಡೆ ದಡಿ ಬೇಕು. ಗೇಟಿನ ಕಡೆ ಸೆರಗ ಬೇಕು.”

ಹೇಳಿ ನೋಡಿದೆ, ಕೇಳಲಿಲ್ಲ. ಎರಡು ಬದಿಗೆ ಕಪ್ಪು ದಡಿ ಕೊಟ್ಟೆ, ಗೇಟಿನ ಮುಂದೆ ಸೀರೆಯಲ್ಲಿರುವಂತೆ ತೆನೆ ಬಿಡಿಸಿ ಸೆರಗು ಮಾಡಿದೆ. ಗೃಹಪ್ರವೇಶದ ದಿನ ಬಂದ ಹೆಣ್ಣುಮಕ್ಕಳು ಗೇಟಿನಲ್ಲೇ ನಿಂತುಬಿಟ್ಟರು. “ಅಯ್ಯ, ಸೆರಗ ತುಳದ ಒಳಗ ಹೋಗಬೇಕೇನವ್ವಾ?” ಎಂದು ಬದಿಗೆ ಸರಿದು, ಗಟಾರ ದಾಟಿ, ಕಂಪೌಂಡು ಇನ್ನೂ ಕಟ್ಟದೆ ಬಿಟ್ಟಿದ್ದ ಸಂದಿಯಲ್ಲಿ ತೂರಿ ಒಳಗೆ ಹೋದರು. ಅವರ ಹಿಂದೆ ಗಂಡಸರೂ ಅದೇ ದಾರಿ ಹಿಡಿದರು. ಮಾಲೀಕನ ತಾಯಿಯಂತೂ ಬಗ್ಗಿ ಸೆರಗು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಮರುದಿನ ನನಗೆ ಕರೆ ಬಂತು. ಸೆರಗು ಒಡೆದು ಹೊಸದಾಗಿ ಇಟ್ಟಂಗಿ ಹಾಕಿಕೊಡುತ್ತೇನೆ ಎಂದೆ.

“ಸೆರಗಿಗೆ ಸುತಗಿ ಹಚ್ಚತೀರಾ? ಮನಿ ಹೆಣ್ಣಮಕ್ಕಳ ಮುಂದ ಹಿಂಗ ಮಾತಾಡಬ್ಯಾಡ್ರಿ,” ಎಂದು ಗಾಬರಿಯಾದ. ಕೊನೆಗೆ ಗೇಟನ್ನೇ ಕಿತ್ತು ಗಟಾರದ ಕಡೆ ಹಾಕಿಸಿದ.

ಅಡಿಯಾಗ ಐತಿ

ತೇರದಾಳದ ಹತ್ತಿರ ಒಂದು ರೈತರ ಮನೆ. ಅಲ್ಲಿ ಜೀವ ತೇಯ್ದು ಕೆಲಸ ಮಾಡಿದ್ದೆ. ಒಂದು ಕಲ್ಲಿನ ಬಣ್ಣ ಇನ್ನೊಂದಕ್ಕೆ ಇಲ್ಲ, ಒಂದರ ಅಂಚು ಇನ್ನೊಂದರ ಹಾಗಿಲ್ಲ. ಇಲ್ಲಾದರೂ ಯಾರಾದರೂ ಕಲ್ಲು ಅಂದಾರು ಎಂದುಕೊಂಡಿದ್ದೆ. ನೆಲ ಆರಿದ ಮೇಲೆ ನೋಡಿಕೊಂಡು ಬರಲು ಹೋದರೆ ಕಲ್ಲೇ ಇಲ್ಲ. ಅಂಗಳದ ತುಂಬ ಸೆಗಣಿ ಸಾರಿಸಿ, ಮೇಲೆ ರಂಗೋಲಿ ಬಿಟ್ಟಿದ್ದರು.

“ಏನ್ರಿ ಯಕ್ಕಾರ, ಇದೇನ ಮಾಡಿದ್ರಿ?”

“ಹೊಸಾ ಅಂಗಳ ಅಲ್ಲೇನ್ರಿ? ಸಾರಸಲಾರದ ಹೆಂಗ ಬಿಡೂದು?” ಮನೆಯಾಕೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಕಲ್ಲ ಕಾಣಬೇಕಲ್ರಿ?”

“ಅಡಿಯಾಗ ಐತಲ್ಲ, ನಮಗ ಗೊತ್ತೈತಿ.”

ಅಷ್ಟರಲ್ಲಿ ಬೀಗರು ಬಂದರು. ಆಕೆ ಅಭಿಮಾನದಿಂದ ಅವರನ್ನು ಮೂಲೆಗೆ ಕರೆದೊಯ್ದು, ಉಗುರಿನಿಂದ ಒಂದಿಷ್ಟು ಸೆಗಣಿ ಕೆರೆದು ತೋರಿಸಿದಳು. ಬೀಗರು ಬಗ್ಗಿ ನೋಡಿ ತಲೆದೂಗಿದರು. ಆಮೇಲೆ ಆಕೆ ಕೆರೆದಲ್ಲಿ ಮತ್ತೆ ಸಾರಿಸಿದಳು.

ಹೆಜ್ಜೆ

ತಿಮ್ಮಾಪುರದ ಕಡೆ ಒಬ್ಬನಿಗೆ ಮುಧೋಳ ನಾಯಿ ಸಾಕಿ ಮರಿ ಮಾರುವುದೇ ಉದ್ಯೋಗ. ಅವನ ಮನೆ ಮುಂದೆ ಹಾಳೆ ಎತ್ತಿ ಕೈ ತೊಳೆಯಲು ಹೋಗಿದ್ದೆ. ಎಲ್ಲೋ ಮೊಲ ಕಂಡಿತೋ ಏನೋ, ನಾಯಿ ಹಗ್ಗ ಕಿತ್ತುಕೊಂಡು ಹಸಿ ನೆಲದ ಮೇಲೆ ಹಾರುತ್ತ ಹೋಯಿತು. ಈ ಬದಿಯಿಂದ ಆ ಬದಿಗೆ ಆಳವಾದ ಹೆಜ್ಜೆ ಮೂಡಿದವು. ನನಗೆ ಅಳು ಬರುವುದೊಂದು ಬಾಕಿ. ಹಾಳೆ ಬಿಚ್ಚಿ ತಿದ್ದಲು ಕುಳಿತರೆ ಅವನು ನನ್ನ ಕೈ ಹಿಡಿದ.

“ಮುಟ್ಟಬ್ಯಾಡ್ರಿ! ಎಷ್ಟ ದೂರ ದೂರ ಕಾಲ ಒಗದೈತಿ ನೋಡ್ರಿ. ಗಿರಾಕಿಗೆ ಇದಕ್ಕಿಂತ ಏನ ತೋರಸ್ಲಿ?”

ಅಲ್ಲಿಗೆ ಬಂದವರೆಲ್ಲ ಆ ಹೆಜ್ಜೆಗಳ ನಡುವಿನ ದೂರವನ್ನು ಗೇಣು ಹಾಕಿ ಅಳೆದರು. ಕೆಳಗೆ ಕಲ್ಲಿದೆಯೋ ಮಣ್ಣಿದೆಯೋ ಯಾರೂ ನೋಡಲಿಲ್ಲ. ಮುಂದೆ ಆ ನಾಯಿ ಹಾವು ಕಚ್ಚಿ ಸತ್ತಿತು. ಸುದ್ದಿ ಕೇಳಿ ಕೆಟ್ಟದೆನಿಸಿ ಮಾತಾಡಿಸಲು ಹೋದೆ. ಅವನು ಕಣ್ಣೊರೆಸಿಕೊಂಡ. ಅಂಗಳದ ಆಚೆ ಬದಿ ತೋರಿಸಿ ಮೆಲ್ಲಗೆ ಕೇಳಿದ:

“ಅಲ್ಲೂ ಹಸಿ ಕಾಂಕ್ರೀಟ ಹಾಕಿ ಒಂದ ಸಾಲ ಹೆಜ್ಜಿ ಮೂಡಸ್ರಿ, ಹಾಳಿ ಕತ್ತರಿಸಿ. ಇನ್ನೊಂದ ನಾಯಿ ಅಂತ ಹೇಳ್ತೇನಿ. ಸ್ವಲ್ಪ ದೂರ ದೂರ ಇರ್ಲಿ.”

ಹಳೇ ಅಂಗಳ

ಬೀಳಗಿ ಕಡೆ ಮುಳುಗಡೆಯಾದ ಊರಿನವರ ಒಂದು ಪುನರ್ವಸತಿ ಕೇಂದ್ರ. ಮನೆಗಳಿಗೆಲ್ಲ ಒಂದೇ ಅಳತೆ, ನೆಟ್ಟ ಬೇವಿನ ಗಿಡ ಇನ್ನೂ ಸೊಂಟದೆತ್ತರ. ಅಲ್ಲಿಂದ ಒಬ್ಬ ಮುದುಕಿ ಹೇಳಿಕಳಿಸಿದಳು. ಅವಳ ಗಂಡನಿಗೆ ಮುಳುಗಿದ ಊರಿನಲ್ಲಿದ್ದಾಗಲೇ ಕಣ್ಣು ಹೋಗಿದ್ದವು. ಆದರೂ ಅಲ್ಲಿ ಯಾರ ಕೈ ಹಿಡಿಯದೆ ಅಂಗಳ ದಾಟಿ, ಬೀರಪ್ಪನ ಗುಡಿ ಕಟ್ಟೆಗೆ ಹೋಗಿ ಕುಳಿತು ಬರುತ್ತಿದ್ದ. ಇಲ್ಲಿಗೆ ಬಂದ ಮೇಲೆ ಹೊಸ್ತಿಲು ದಾಟಿರಲಿಲ್ಲ.

“ಕೋಣ್ಯಾಗ ಕುಂತ ಕುಂತ ಕರಗಾಕತ್ತಾರ್ರಿ,” ಎಂದಳು ಮುದುಕಿ. “ಹಳೇ ಅಂಗಳ ಇದ್ರ ಹೊರಗ ಬರ್ತೇನಿ ಅಂತಾರ. ಅಂಥಾದ್ದ ಮಾಡಿಕೊಡ್ರಿ.”

ಈ ಕೆಲಸ ಸರಿಯಾಗಿ ಆಗಲೇಬೇಕು ಎಂದುಕೊಂಡೆ. ಒಳಗೆ ಹೋಗಿ ಮುದುಕನ ಮುಂದೆ ಕುಳಿತೆ. ಅವನು ಒಂದೊಂದೇ ಕಲ್ಲು ಹೇಳುತ್ತ ಹೋದ.

“ಹೊಸ್ತಲದ ಮುಂದ ಉದ್ದನ್ನ ಕಲ್ಲ. ಅದನ್ನ ಇಳದ್ರ ಒಂದ ಚೌಕ, ನಡಕ ಸವದೈತಿ, ಮಳಿ ನೀರ ನಿಂದರತೈತಿ. ಮುಂದ ಒಂದ ಕಲ್ಲ ಮ್ಯಾಲ ಎದ್ದೈತಿ. ಅದು ಸಿಕ್ಕಕೂಡ್ಲೆ ಬಲಕ್ಕ ಹೊಳ್ಳಬೇಕು.”

ಹೇಳುವಾಗ ಅವನ ಕಾಲಬೆರಳು ನೆಲದ ಮೇಲೆ ಆಡುತ್ತಿದ್ದವು. ಚಳಿ ಇರಬೇಕು ಎಂದುಕೊಂಡೆ.

ಒಂದೊಂದು ಕಲ್ಲಿಗೂ ಬೇರೆ ಹಾಳೆ ಕತ್ತರಿಸಿದೆ. ಸವೆದ ಕಲ್ಲಿನ ನಡುವೆ ನೀರು ನಿಂತ ಹಾಗೆ ನೀಲಿ ಛಾಯೆ ಕೊಟ್ಟೆ. ಎದ್ದ ಕಲ್ಲಿನ ಒಂದು ಬದಿಗೆ ಕಪ್ಪು ಪುಡಿ ತೀಡಿ, ಖರೇ ಎದ್ದ ಹಾಗೆ ಕಾಣಿಸಿದೆ. ಮುದುಕ ಎಡವಬಾರದು ಎಂದು ಸಂದುಗಳನ್ನೆಲ್ಲ ಒತ್ತಿ ಒತ್ತಿ ಕನ್ನಡಿಯ ಹಾಗೆ ನುಣುಪು ಮಾಡಿದೆ.

ನೆಲ ಗಟ್ಟಿಯಾದ ದಿನ ಕೇಂದ್ರದ ಮಂದಿಯೆಲ್ಲ ನೋಡಲು ಬಂದರು. ಅವರಲ್ಲಿ ಆ ಹಳೇ ಮನೆಯ ನೆರೆಯಾಕೆಯೊಬ್ಬಳು ನೋಡುತ್ತಲೇ ಅತ್ತುಬಿಟ್ಟಳು. “ಅದ ಕಲ್ಲವ್ವಾ, ಅದ! ನೀರಾಗಿಂದ ಎದ್ದ ಬಂದಾವ!”

ನಾನು ಬಯಸಿದ ಮಾತು ಕೊನೆಗೂ ಸಿಕ್ಕಿತು. ಅಪ್ಪ ಇರಬೇಕಿತ್ತು ಎನಿಸಿತು.

“ಬರ್ರಿ, ನಮ್ಮ ಅಂಗಳ ಬಂದೈತಿ,” ಎಂದು ಮುದುಕಿ ಗಂಡನನ್ನು ಬಾಗಿಲಿಗೆ ಕರೆತಂದು ಕೈ ಬಿಟ್ಟಳು. ಅವನು ರುಮಾಲು ಸುತ್ತಿಕೊಂಡಿದ್ದ. ಬರಿಗಾಲನ್ನು ಹೊಸ್ತಿಲ ಆಚೆ ಇಟ್ಟ. ಕಾಲು ಎಡಕ್ಕೆ ಸವರಿತು, ಬಲಕ್ಕೆ ಸವರಿತು. ಇನ್ನೊಂದು ಹೆಜ್ಜೆ ಇಟ್ಟ, ಮತ್ತೆ ಸವರಿದ. ಏನೂ ಸಿಗದೆ ಎರಡೂ ಕೈ ಗೋಡೆ ಹುಡುಕಿದವು. ಕೊನೆಗೆ ಮುದುಕ ಬಹಳ ಮರ್ಯಾದೆಯಿಂದ ಕೇಳಿದ:

“ಬುಡಾ ಛಲೋ ಗಟ್ಟಿ ಹಾಕೀರಿ. ಕಲ್ಲ ಯಾವಾಗ ಹಾಸ್ತೀರಿ?”

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಅಂಗಳ ನಕ್ಕಿತು. ನಾನೂ ನಕ್ಕೆ. ಕಣ್ಣಿಲ್ಲದವನಿಗೆ ಕಣ್ಣಿಗಷ್ಟೇ ಕಾಣುವ ಅಂಗಳ ಮಾಡಿದ್ದೇನೆ ಎಂದು ಆಗ ಹೊಳೆದಿತ್ತು, ನಗದೆ ಇನ್ನೇನು ಮಾಡಲಿ? ಮುದುಕಿಯೊಬ್ಬಳೇ ನಗಲಿಲ್ಲ.

“ಕಲ್ಲಿನ ಲಾರಿ ಹಾದ್ಯಾಗ ಐತಂತ,” ಎಂದಳು.

“ಹಂಗಾರ ಒಳಗ ಕೂಡ್ತೇನಿ,” ಎಂದು ಮುದುಕ ಗೋಡೆ ಹಿಡಿದು ತಿರುಗಿದ. “ಕಲ್ಲ ಇಳಸೂಮುಂದ ಕರೀರಿ. ಈ ಮೇಸ್ತ್ರಿ ಒಬ್ಬನ ಮ್ಯಾಲ ಬಿಡಬ್ಯಾಡ್ರಿ, ನಾ ನಿಂತ ಹಾಕಸ್ತೇನಿ.”