ನೀರುಗಂಟಿ ತುಲೆಗೆನನ ಗಡ್ಡ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ದವಡೆ ಹಲ್ಲು. ಕಜಕ್ ಊರೊಂದರ ಕಾಲುವೆ ನೀರು ಹಂಚುವ ನೀರುಗಂಟಿ ತುಲೆಗೆನನಿಗೆ ಅದು ಎರಡು ತಿಂಗಳಿಂದ ನೋಯುತ್ತಿತ್ತು. ಕೆನ್ನೆಗೆ ಬ್ಲೇಡು ಸೋಕಿದರೆ ಜೀವ ಹೋದಂತಾಗುತ್ತಿತ್ತು, ಅದಕ್ಕೆ ಕ್ಷೌರವನ್ನೇ ಬಿಟ್ಟ. ಬಿಟ್ಟದ್ದೇ ತಡ, ಐವತ್ತೊಂದರ ಮನುಷ್ಯನಿಗೆ ಹಿಂಜಿದ ಹತ್ತಿಯಂಥ ಬಿಳೀ ಗಡ್ಡ ಬಂದುಬಿಟ್ಟಿತು. ಹಲ್ಲು ಕೀಳಿಸಿಕೋ ಅಂತ ಹೆಂಡತಿ ಗೌಹರ್ ಹೇಳಿ ಹೇಳಿ ಸೋತಳು. ನೀರಿನ ತಕರಾರು ಮುಗೀಲಿ ತಡಿಯೇ ಅಂತ ಇವನು.

ತಕರಾರು ಪ್ರತಿ ವರ್ಷದ್ದೇ. ನದಿ ಹುಟ್ಟುವುದು ಮೇಲಿನ ಕಿರ್ಗಿಜ್ ಬೆಟ್ಟದಲ್ಲಿ, ಅಣೆಕಟ್ಟೂ ಅವರದೇ. ಚಳಿಗಾಲದ ಕರೆಂಟಿಗೆ ಅವರು ನೀರು ಕೂಡಿಡಬೇಕು. ಕೆಳಗಿನ ಕಜಕ್ ಊರಿನವರಿಗೋ ಆಗಸ್ಟಿನಲ್ಲೇ ಬೇಕು, ಇಲ್ಲದಿದ್ದರೆ ಈರುಳ್ಳಿ ಗಡ್ಡೆ ಕಟ್ಟುವುದಿಲ್ಲ. ಊರ ಕಾಲುವೆಗೆ ಹನ್ನೆರಡು ತೂಬು, ತೂಬಿಗೊಂದು ದಿನದ ಸರದಿ. ಕೊನೆಯ ತೂಬು ನೀರುಗಂಟಿಯದು. ಹಂಚುವವನು ಮೊದಲು ತನ್ನ ಹೊಲಕ್ಕೆ ತಿರುಗಿಸಿಕೊಂಡ ಅಂತ ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೆ ತಾತನ ಕಾಲದಿಂದ ಹೀಗೊಂದು ಕಟ್ಟಳೆ. ಅಂದಮೇಲೆ ಹನ್ನೆರಡು ದಿನ ನೀರು ಬಿಟ್ಟರಷ್ಟೇ ತುಲೆಗೆನನ ಈರುಳ್ಳಿಗೆ ಉಳಿಗಾಲ. ಮೇಲಿನವರ ಜೊತೆ ಮಾತುಕತೆಗೆ ಬೆಳಿಗ್ಗೆ ಹೊರಡುವಾಗ ಗೌಹರ್ ಕೇಳಿದ್ದೂ ಅಷ್ಟೇ, ಹನ್ನೆರಡು ತಗೊಂಡು ಬಾ.

ಮಾತುಕತೆಗೆ ಹೊರಟವರು ನೀರಾವರಿ ಸಾಹೇಬರು ದೌರೆನ್. ಅವರ ಡ್ರೈವರ್ ತಂಗಿಯ ಮದುವೆಗೆ ಹೋಗಿದ್ದರಿಂದ ಜೀಪು ಓಡಿಸುವ ಕೆಲಸ ತುಲೆಗೆನನ ಕೊರಳಿಗೆ ಬಿತ್ತು. ಸಾಹೇಬರಿಗೆ ಐವತ್ತೊಂಬತ್ತು, ಆದರೆ ಮೀಸೆಯಿಲ್ಲದ ನುಣ್ಣನೆ ಮುಖ, ಕಾಗೆ ರೆಕ್ಕೆಯಂತೆ ಕಪ್ಪು ಬಣ್ಣ ಹಚ್ಚಿದ ತಲೆ. ಕೇಳಿದವರಿಗೆಲ್ಲ ನಲವತ್ತೆಂಟು ಅನ್ನುತ್ತಿದ್ದರು.

"ನೀನು ಅಲ್ಲಿ ತುಟಿ ಪಿಟಕ್ಕನ್ನಬೇಡ," ಅಂದರು ದಾರಿಯಲ್ಲಿ. "ಮಾತೆಲ್ಲ ನಂದು. ಹನ್ನೆರಡು ಕೇಳ್ತೀನಿ. ಏಳು ಸಿಕ್ಕರೂ ನಮ್ಮ ಪುಣ್ಯ."

ತುಲೆಗೆನ್ ಹೂಂ ಅಂದ. ಮಾತಾಡುವುದಕ್ಕೆ ಅವನ ಹಲ್ಲು ಬಿಟ್ಟರೆ ತಾನೆ.

ಅಣೆಕಟ್ಟಿನ ಪಕ್ಕದ ಹುಲ್ಲಿನ ಮೇಲೆ ಉಣ್ಣೆಯ ಗುಡಾರ ಹಾಕಿ, ಅಣೆಕಟ್ಟಿನ ಮುಖ್ಯಸ್ಥ ಎಸೆನ್‌ಗುಲ್ ಕುರಿ ಕೊಯ್ಸಿ ಕಾಯುತ್ತಿದ್ದ. ಬಾಗಿಲಲ್ಲಿ ಅವನ ತಾಯಿ ಬುರುಲಜ್ಜಿ. ಅಜ್ಜಿ ಗಡ್ಡ ನೋಡಿದಳು, ಸೀದಾ ಬಂದು ತುಲೆಗೆನನ ಕೈ ಹಿಡಿದು ಬಾಗಿಲಿಗೆ ಎದುರಾಗಿ ಹಿರಿಯರಿಗೆಂದೇ ಹಾಸಿದ ಗೌರವದ ಜಾಗದಲ್ಲಿ ಕೂರಿಸಿಬಿಟ್ಟಳು. ಆಮೇಲೆ ಸಾಹೇಬರ ಬೆನ್ನು ಸವರಿ, "ನೀನು ಇಲ್ಲೇ ಬಾಗಿಲ ಹತ್ರ ಕೂತ್ಕೋ ಮಗಾ. ಹಿರೀಕರಿಗೆ ಚಹಾ ಬಗ್ಗಿಸಿಕೊಡು," ಅಂದಳು.

ನಾನೇ ಹಿರಿಯ ಅಂತ ಸಾಹೇಬರು ಅನ್ನಬೇಕಾದರೆ ನಿಜವಾದ ವಯಸ್ಸು ಹೇಳಬೇಕು. ಹೇಳುವ ಹಾಗಿಲ್ಲ. ಚಹಾ ಬಗ್ಗಿಸಿದರು.

ಅಷ್ಟರಲ್ಲಿ ತುಲೆಗೆನನ ಮುಂದೆ ತಟ್ಟೆ ಬಂತು, ಅದರಲ್ಲಿ ಬೇಯಿಸಿದ ಕುರಿಯ ಇಡೀ ತಲೆ. ತಲೆ ಯಾರ ಮುಂದೆ ಇಡುತ್ತಾರೋ ಅವರದೇ ಕೊನೇ ಮಾತು. ಅದನ್ನು ಪಕ್ಕಕ್ಕೆ ತಳ್ಳಿದರೆ ಮನೆಯವರ ಮುಖಕ್ಕೆ ಹೊಡೆದಂತೆ. ತುಲೆಗೆನ್ ಗಾಬರಿಯಲ್ಲಿ ಚಾಕು ತೆಗೆದುಕೊಂಡ, ಕಿವಿ ಕೊಯ್ದು ಪದ್ಧತಿಯಂತೆ ಅಲ್ಲಿದ್ದವರಲ್ಲಿ ಕಿರಿಯವನಿಗೆ ಕೊಡಲು ಎತ್ತಿದ. ಬಾಗಿಲ ಹತ್ತಿರ ಕೂತವನೇ ಕಿರಿಯವನು ಅಂತ ಅಜ್ಜಿ ಅದನ್ನು ಇಸಕೊಂಡು ಸಾಹೇಬರ ಬಾಯಿಗೇ ಇಟ್ಟಳು. "ತಿನ್ನು ಮಗಾ, ದೊಡ್ಡವರ ಮಾತು ಕಿವಿ ಮೇಲೆ ಹಾಕ್ಕೋಬೇಕು."

ತುಲೆಗೆನನಿಗೆ ತಾನೂ ಒಂದು ತುಣುಕು ಬಾಯಿಗೆ ಹಾಕಿಕೊಳ್ಳದೆ ಗತಿಯಿರಲಿಲ್ಲ. ಹಾಕಿಕೊಂಡ, ಮೂಳೆ ಸರಿಯಾಗಿ ಹುಳುಕು ಹಲ್ಲಿಗೇ ತಾಗಿತು. ಅದೇ ಹೊತ್ತಿಗೆ ಎಸೆನ್‌ಗುಲ್ ವಿನಯದಿಂದ, "ಐದು ದಿನ ಬಿಡೋಣ ಅಂತಿದ್ದೀವಿ, ಹಿರಿಯರು ಏನಂತೀರಿ," ಅಂದ. ತುಲೆಗೆನ್ ಕಣ್ಣು ಮುಚ್ಚಿ, ಕೆನ್ನೆ ಹಿಡಿದು, ಬೇಡವೇ ಬೇಡ ಅನ್ನುವ ಹಾಗೆ ತಲೆ ಒದರಿದ.

ಹಿರೀಕರಿಗೆ ಬೇಸರವಾಯಿತು ಅಂತ ಅಜ್ಜಿ ಮಗನನ್ನು ದುರುಗುಟ್ಟಿ ನೋಡಿದಳು. ಎಸೆನ್‌ಗುಲ್ ಏಳು ದಿನ ಅಂದ. ಏಳು ಕೇಳಿದ್ದೇ ಬಾಗಿಲ ಬಳಿಯಿಂದ ಸಾಹೇಬರು ಒಪ್ಪಿಕೋ ಅಂತ ಕಣ್ಣುಸನ್ನೆ ಮಾಡಿದರು. ಹಿರೀಕರೋ ಮತ್ತೆ ತಲೆ ಒದರಿ, ಹ್ಮ್ ಅಂತ ನರಳಿದರು. ಎಸೆನ್‌ಗುಲ್ ಒಂಬತ್ತು ಅಂದ. ಈ ಸಲ ತುಲೆಗೆನನ ಕಣ್ಣಲ್ಲಿ ನೀರೇ ಬಂತು.

"ನೋಡೋ, ಅವರ ಹೊಲ ನೆನೆಸಿಕೊಂಡು ಅಳ್ತಿದ್ದಾರೆ," ಅಂದಳು ಅಜ್ಜಿ. "ನಿನಗೆ ಕರುಳಿಲ್ವೇನೋ?"

ಎಸೆನ್‌ಗುಲ್ ಬೆವರು ಒರೆಸಿಕೊಂಡ. ಲೋಟಗಳಿಗೆ ವೋಡ್ಕಾ ಸುರಿದು, ಎದ್ದು ನಿಂತು, ಹನ್ನೊಂದು ಅಂದ. ಎಲ್ಲರೂ ಲೋಟ ಎತ್ತಿದರು. ತುಲೆಗೆನ್ ಗುಟುಕನ್ನು ನುಂಗದೆ ನೋಯುವ ಹಲ್ಲಿನ ಕಡೆಗೆ ತಿರುಗಿಸಿ ಹಿಡಿದ. ಚುರ್ ಅಂತು, ಆಮೇಲೆ ಎರಡು ತಿಂಗಳ ನೋವು ಪೂರಾ ಮಾಯ. ಆಹಾ, ಆ ಸುಖಕ್ಕೆ ಅವನ ಮುಖ ಅರಳಿತು, ಗಡ್ಡ ಎದೆಗೆ ಬಡಿಯುವಂತೆ ಮೂರು ಸಲ ಹೂಂಗುಟ್ಟಿ ತಲೆ ಆಡಿಸಿದ.

ಅಲ್ಲಿಗೆ ಮುಗಿಯಿತು. ಎಲ್ಲರೂ ಅಂಗೈ ಮುಂದೆ ಚಾಚಿದರು. ಮಾತು ಕಟ್ಟಾಗಬೇಕಾದರೆ ಹಿರೀಕರು ಹರಸಲೇಬೇಕು. ನಾಲಿಗೆ ಹಗುರಾಗಿದ್ದ ತುಲೆಗೆನ್, ನಿಮ್ಮ ಮನೆಗಳಲ್ಲಿ ಚಳಿಗಾಲವಿಡೀ ದೀಪ ಉರೀಲಿ, ನಮ್ಮ ಕಾಲುವೆ ತುಂಬಿ ಹರೀಲಿ ಅಂತ ಮನಸಾರೆ ಹರಸಿದ. ಎಲ್ಲರೂ ಆಮೀನ್ ಅಂತ ಅಂಗೈಯಿಂದ ಮುಖ ಸವರಿಕೊಂಡರು. ಅಜ್ಜಿ ಅತ್ತೇಬಿಟ್ಟಳು.

ಜೀಪು ಹತ್ತಿಸುವಾಗ ಎಸೆನ್‌ಗುಲ್ ಅವನ ಕೈ ಹಿಡಿದುಕೊಂಡು ಮೆಲ್ಲಗೆ, "ಹಿರೀಕರೇ, ನೀವು ದೊಡ್ಡ ಮನಸ್ಸಿನೋರು," ಅಂದ. ಜೇಬಿನಿಂದ ತನ್ನ ಕಚೇರಿಯ ಕಾಗದ ತೆಗೆದು ತೋರಿಸಿದ. "ಹನ್ನೆರಡರ ತನಕ ಹೋಗಬಹುದು ಅಂತ ನಮಗೆ ಅಪ್ಪಣೆ ಇತ್ತು. ಇನ್ನೊಂದು ಸಲ ತಲೆ ಒದರಿದ್ರೆ ಕೊಟ್ಟೇಬಿಡ್ತಿದ್ದೆ. ಈಗ ಹರಸಿ ಆಯ್ತು, ಹಿರಿಯರ ಮಾತಿನ ಮೇಲೆ ಇನ್ನೊಂದು ಮಾತು ಸೇರಿಸೋಕೆ ನಮ್ಮಮ್ಮ ಬಿಡಲ್ಲ."

ಊರಲ್ಲಿ ಹಬ್ಬ. ಐದು ದಿನದ ನೀರನ್ನೂ ನೆಚ್ಚಿರದಿದ್ದ ಹನ್ನೊಂದು ತೂಬಿನವರೂ ಕರ್ಬೂಜ ಹೊತ್ತು ತುಲೆಗೆನನ ಬಾಗಿಲಿಗೆ ಬಂದರು. ಮುಂದಿನ ವರ್ಷವೂ ಇವನೇ ಹೋಗಬೇಕು ಅಂತ ಸಾಹೇಬರು ಅಲ್ಲೇ ಸಾರಿದರು. ಗಡ್ಡ ತೆಗೆಯಕೂಡದು, ಹಲ್ಲು ಮುಟ್ಟಲೇಕೂಡದು.

ಗೌಹರ್ ಬೆರಳು ಮಡಿಸಿ ಎರಡು ಸಲ ಎಣಿಸಿದಳು. ಹನ್ನೊಂದು. ಗಂಡನ ಮುಖ ನೋಡಿದಳು, ನಗು ತಡೆಯಲಾಗಲಿಲ್ಲ. "ಹೋಗ್ಲಿ ಬಿಡು. ಊರೆಲ್ಲ ಈರುಳ್ಳಿ ಬೆಳೀತದೆ, ಸಾರಿಗೆ ಎರಡು ಗಡ್ಡೆ ಯಾರಾದ್ರೂ ಕೊಡ್ತಾರೆ."

ವೋಡ್ಕಾದ ಪ್ರಭಾವ ಇಳಿದಿತ್ತು. ತುಲೆಗೆನ್ ಕೆನ್ನೆ ಹಿಡಿದು, ಕಣ್ಣು ಮುಚ್ಚಿ, ಜೋರಾಗಿ ತಲೆ ಒದರಿದ. ಆದರೆ ಇನ್ನೊಂದು ದಿನ ಸೇರಿಸಲು ಅಲ್ಲಿ ಎಸೆನ್‌ಗುಲ್ ಇರಲಿಲ್ಲ.