ಚೀಸಿನ ಮೇಲೆ ಕೇಸು

ಊರಿನಲ್ಲಿ ಯಾರ ಮನೆಯ ಕರೆಂಟು ಹೋದರೂ ಮೊದಲು ನೆನಪಾಗುವುದು ದೇವರಲ್ಲ, ಫ್ಯೂಸಣ್ಣ. (ದೇವರು ನೆನಪಾಗುವುದು ಫ್ಯೂಸಣ್ಣ ಫೋನ್ ಎತ್ತದಿದ್ದಾಗ.) ಗೋಡೆಯೊಳಗಿನ ತಂತಿಗೆ ಇಲಿ ಎಲ್ಲಿ ಬಾಯಿ ಹಾಕಿದೆ ಎಂದು ಹೊರಗೆ ನಿಂತೇ ಹೇಳಬಲ್ಲ ಈ ಮಹಾನುಭಾವನಿಗೆ ತನ್ನ ಮನೆಯೊಳಗಿನ ಒಂದು ದೋಷ ಮಾತ್ರ ವರ್ಷಗಳಿಂದ ಸಿಕ್ಕಿರಲಿಲ್ಲ. ಅದು ಹೆಂಡತಿಯ ತಲೆನೋವು. (ಹೆಂಡತಿಯೇ ತಲೆನೋವು ಎಂದು ಓದಿಕೊಂಡವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಬೇಕು.)

ಹೆಂಡತಿ ಶಾಲೆಯಲ್ಲಿ ಹಾಡು ಕಲಿಸುವವಳು, ಎಲ್ಲರ ಬಾಯಲ್ಲೂ ಟೀಚರಮ್ಮ. ಒಂದು ಕೋಣೆ ತುಂಬ ಮಕ್ಕಳು ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಕೂಗಿದರೂ ಹುಬ್ಬು ಗಂಟಿಕ್ಕದವಳು. ಆದರೆ ಅರೆತಲೆನೋವು ಬಂತೆಂದರೆ ಚಮಚ ಬಿದ್ದ ಸದ್ದಿಗೂ ಅವಳ ಕಣ್ಣಲ್ಲಿ ನೀರು. ಕಿಟಕಿಗೆ ಪರದೆ, ಹಣೆಗೆ ಒದ್ದೆ ಬಟ್ಟೆ, ಮಂಚದ ಪಕ್ಕ ಬಕೆಟ್ಟು. ಹೋದ ವರ್ಷ ಶಾಲೆಯ ವಾರ್ಷಿಕೋತ್ಸವದ ದಿನವೇ ಹೀಗಾಯಿತು. ಮಕ್ಕಳು ಅವಳು ನಿಲ್ಲಬೇಕಿದ್ದ ಖಾಲಿ ಜಾಗ ನೋಡಿಕೊಂಡು ಹಾಡಿ, ನಡುವೆ ಸಾಲು ಮರೆತು, ಪಿಳಿಪಿಳಿ ಕಣ್ಣು ಬಿಟ್ಟು ನಿಂತುಬಿಟ್ಟವು. ಸುದ್ದಿ ಕೇಳಿ ಟೀಚರಮ್ಮ ಗೋಡೆ ಕಡೆ ತಿರುಗಿ ಅತ್ತಿದ್ದನ್ನು ಫ್ಯೂಸಣ್ಣ ಬಾಗಿಲಲ್ಲಿ ನಿಂತು ನೋಡಿದ್ದ.

ಈಗ ಮತ್ತೆ ವಾರ್ಷಿಕೋತ್ಸವ ಬರುತ್ತಿತ್ತು.

"ಈ ಸಲವೂ ಮಲಗಿಬಿಟ್ರೆ ಆ ಮಕ್ಕಳಿಗೆ ಹೇಗ್ರೀ ಮುಖ ತೋರಿಸ್ಲಿ?" ಎಂದಳು ಟೀಚರಮ್ಮ.

"ನಾನಿಲ್ವಾ?" ಎಂದ ಫ್ಯೂಸಣ್ಣ. ಅವನು ಎಲ್ಲರ ಮನೆಯಲ್ಲೂ ಹೇಳುವ ಮಾತೇ ಅದು.

ಇಬ್ಬರೂ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಬಾಯಿ ತೆರೆಯುವುದಕ್ಕೂ ಫ್ಯೂಸಣ್ಣನ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಯಾರದೋ ಮನೆಯ ಪಂಪು. ಹೊರಗೆ ಹೋಗಿ ಮಾತಾಡಿ ಬರುವಷ್ಟರಲ್ಲಿ ಅರ್ಧ ಉಪದೇಶ ಮುಗಿದಿತ್ತು. ಉಳಿದರ್ಧ ಅವನ ಕಿವಿಗೆ ಬಿತ್ತು: "ಕೆಲವರಿಗೆ ತಿನ್ನೋ ಪದಾರ್ಥದಿಂದಲೂ ಬರುತ್ತೆ. ಅನುಮಾನ ಇರೋದನ್ನ ಸ್ವಲ್ಪ ದಿನ ಬಿಟ್ಟುನೋಡಿ. ಆಮೇಲೆ ಒಂದೊಂದಾಗಿ ಮತ್ತೆ ತಿಂದುನೋಡಿ."

ಫ್ಯೂಸಣ್ಣನ ಮುಖ ಬಲ್ಬಿನಂತೆ ಹೊತ್ತಿಕೊಂಡಿತು. ಇದು ಅವನದೇ ವಿದ್ಯೆ! ಮೈನ್ ಆಫ್ ಮಾಡು, ಎಲ್ಲ ಫ್ಯೂಸು ಕಿತ್ತುಹಾಕು, ಒಂದೊಂದೇ ಹಾಕುತ್ತಾ ಬಾ. ಯಾವುದನ್ನು ಹಾಕಿದಾಗ ಢಬ್ ಎನ್ನುತ್ತದೋ ಅದೇ ಕಳ್ಳ. ಡಾಕ್ಟರಾಗಲು ಇಷ್ಟೇ ಓದಬೇಕಿತ್ತೆ ಎಂದು ಅವನಿಗೆ ತನ್ನ ಬಾಲ್ಯದ ಮೇಲೇ ಮರುಕ ಬಂತು.

ಮರುದಿನ ಅಡುಗೆಮನೆಯ ಮೈನ್ ಆಫ್ ಆಯಿತು. ಕಾಫಿ, ಚಾಕೊಲೇಟು, ಮೊಟ್ಟೆ, ಕಿತ್ತಳೆ, ಟೊಮೆಟೊ, ಚೀಸು ಎಲ್ಲಕ್ಕೂ ಗಡೀಪಾರು. ಉಳಿದದ್ದು ಅನ್ನ, ಬೇಯಿಸಿದ ಆಲೂಗಡ್ಡೆ ಮತ್ತು ಮೌನ.

"ತಲೆನೋವು ಅವಳಿಗೆ. ನಂಗ್ಯಾಕೋ ಈ ಶಿಕ್ಷೆ?" ಎಂದಳು ಫ್ಯೂಸಣ್ಣನ ತಾಯಿ. ಹಲ್ಲು ಹೋದ ಮೇಲೆ ಅವಳ ಪಾಲಿಗೆ ಉಳಿದಿದ್ದ ಏಕೈಕ ಸುಖ ಚೀಸು.

"ಒಂದೇ ಮನೆ, ಒಂದೇ ಲೈನು ಅಮ್ಮ. ನೀನು ಈ ಕಡೆ ತಿಂದ್ರೆ ಆ ಕಡೆ ಅವಳಿಗೆ ಆಸೆಯಾಗುತ್ತೆ."

"ನಂಗೇನೂ ಆಸೆಯಾಗಲ್ಲ ಅತ್ತೆ, ನೀವು ತಿನ್ನಿ," ಎಂದಳು ಟೀಚರಮ್ಮ.

"ಪ್ರಯೋಗದ ಮಧ್ಯೆ ಯಾರೂ ಮಾತಾಡ್ಬಾರದು," ಎಂದ ಫ್ಯೂಸಣ್ಣ.

ಪ್ರಯೋಗವೆಂದ ಮೇಲೆ ಮೇಲ್ವಿಚಾರಣೆ ಬೇಡವೆ? ಯಾವ ಹೊತ್ತಿಗೆ ಬರುತ್ತಾನೆಂದು ಅವನಿಗೇ ಗೊತ್ತಿರದಿದ್ದ ಫ್ಯೂಸಣ್ಣ ಈಗ ಹೊತ್ತು ಹೊತ್ತಿಗೆ ಹಾಜರು. ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡು ಕೂತು, ಅವಳ ಒಂದೊಂದು ತುತ್ತನ್ನೂ ಮೀಟರ್ ಓದುವವನಂತೆ ನೋಡುವುದು, ತಾನೂ ತಿನ್ನುವುದು. "ಏನಾದ್ರೂ ಆಗ್ತಿದೆಯಾ?" "ಇಲ್ಲ." "ಎಡಗಡೆ?" "ಎಡಗಡೆಯೂ ಇಲ್ಲ. ಊಟ ಮಾಡ್ರೀ, ಆರುತ್ತೆ." ಹೀಗೆ ನಡುವೆ ಊರ ಸುದ್ದಿ, ಮಕ್ಕಳ ಹಾಡಿನ ಸುದ್ದಿಯೂ ಬಂದುಹೋಗುತ್ತಿತ್ತು. ಟೀಚರಮ್ಮ ಆಲೂಗಡ್ಡೆ ತಿನ್ನುತ್ತಲೇ ನಗುತ್ತಿದ್ದಳು. ಆಲೂಗಡ್ಡೆ ತಿಂದು ನಗುವವರನ್ನು ಫ್ಯೂಸಣ್ಣ ಅದುವರೆಗೆ ಕಂಡಿರಲಿಲ್ಲ. ಪಥ್ಯದ ಗುಣ ಎಂದುಕೊಂಡ.

ತಲೆನೋವು ಪೂರ್ತಿ ನಿಂತುಹೋಯಿತು. ಅಂದರೆ, ಟೀಚರಮ್ಮನಿಗೆ. ದಿನಕ್ಕೆ ಎಂಟು ಲೋಟ ಕಾಫಿ ಕುಡಿಯುತ್ತಿದ್ದ ಫ್ಯೂಸಣ್ಣ ಒಮ್ಮೆಲೇ ಬಿಟ್ಟದ್ದರಿಂದ ತಲೆ ಸಿಡಿದು, ಹಣೆಗೆ ಹೆಂಡತಿಯದೇ ಒದ್ದೆ ಬಟ್ಟೆ ಹಾಕಿಕೊಂಡು, ಹೆಂಡತಿಯದೇ ಮಂಚದಲ್ಲಿ ನರಳುತ್ತಾ ಮಲಗಿದ.

"ಇವಳ ತಲೆನೋವು ಹೋಯ್ತಲ್ಲ ಅಂತ ಸಂತೋಷಪಟ್ಟೆ," ಎಂದಳು ತಾಯಿ. "ಎಲ್ಲಿಗೆ ಹೋಯ್ತು ಅಂತ ಈಗ ಗೊತ್ತಾಯ್ತು."

ಅವನು ಚೇತರಿಸಿಕೊಂಡ ಮೇಲೆ ಫ್ಯೂಸುಗಳು ಒಂದೊಂದಾಗಿ ಒಳಗೆ ಬಂದವು. ಕಾಫಿ ಬಂತು, ಏನೂ ಆಗಲಿಲ್ಲ. ಚಾಕೊಲೇಟು, ಮೊಟ್ಟೆ, ಕಿತ್ತಳೆ, ಟೊಮೆಟೊ, ಯಾವುದೂ ತಂಟೆ ಮಾಡಲಿಲ್ಲ. ಕೊನೆಗೆ ಚೀಸಿನ ದಿನ ಬಂತು. ಅವತ್ತೇ ಊರಿನ ಪ್ರಿಂಟಿಂಗ್ ಪ್ರೆಸ್ಸಿನ ಮೋಟಾರು ಸುಟ್ಟು, ಫ್ಯೂಸಣ್ಣ ಮಧ್ಯಾಹ್ನದ ಊಟಕ್ಕೆ ಬರುವಾಗ ಸಂಜೆಯ ದೀಪ ಹೊತ್ತಿತ್ತು. ಅಲ್ಲಿಯವರೆಗೆ ಕಾದ ಟೀಚರಮ್ಮ ಅವನೆದುರಿಗೇ ಚೀಸು ಹಚ್ಚಿದ ಬ್ರೆಡ್ಡು ತಿಂದಳು, ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಎದ್ದು ಹೋದಳು.

"ಸಿಕ್ಕಿಬಿದ್ದ ಕಳ್ಳ," ಎಂದ ಫ್ಯೂಸಣ್ಣ. ಹೆಂಡತಿಯ ನೋವಿಗೆ ಸಂಕಟ, ತನ್ನ ಬುದ್ಧಿಗೆ ಹೆಮ್ಮೆ, ಎರಡೂ ಒಟ್ಟಿಗೆ ಉಕ್ಕಿ ಏನು ಮಾಡಬೇಕೆಂದು ತೋಚದೆ ಚೀಸಿನ ಡಬ್ಬಿಯನ್ನೇ ಎತ್ತಿ ಪಕ್ಕದ ಮನೆಗೆ ಕೊಟ್ಟುಬಂದ. ತಾಯಿ ಕಿಟಕಿಯಿಂದ ಅದರ ಅಂತಿಮ ದರ್ಶನ ಪಡೆದಳು.

ಕೇಸು ಮುಗಿಯಿತಲ್ಲ, ಇನ್ನು ಮೇಲ್ವಿಚಾರಣೆ ಯಾಕೆ? ಫ್ಯೂಸಣ್ಣ ಮತ್ತೆ ಹೊತ್ತುಗೊತ್ತಿಲ್ಲದ ಫ್ಯೂಸಣ್ಣನಾದ.

ವಾರ್ಷಿಕೋತ್ಸವದ ದಿನ ಬೆಳಗ್ಗೆ ಅವನು ಚೀಲ ಹೆಗಲಿಗೇರಿಸುತ್ತಾ ಹೇಳಿದ: "ಮಧ್ಯಾಹ್ನ ಬೇಗ ಬರ್ತೀನಿ. ಒಟ್ಟಿಗೇ ಊಟ ಮಾಡಿ ಶಾಲೆಗೆ ಹೋಗೋಣ." ಬೇಕರಿಯ ಒಲೆ ಕೈಕೊಟ್ಟಿತ್ತು. ಸರಿಮಾಡಿದ. ಬೇಕರಿಯವನು ಬಿಸಿ ಬನ್ನು ಕೊಟ್ಟ, ತಿಂದ. ಇನ್ನೊಂದು ಕೊಟ್ಟ, ಅದನ್ನೂ ತಿಂದ. ಮಧ್ಯಾಹ್ನ ಇಳಿದ ಮೇಲೆ ಆರಾಮಾಗಿ ಮನೆಗೆ ಬಂದರೆ ಕಿಟಕಿಗೆ ಪರದೆ ಎಳೆದಿತ್ತು.

ಫ್ಯೂಸಣ್ಣ ಚೀಲ ಬಾಗಿಲಲ್ಲೇ ಬಿಟ್ಟು ಒಳಗೆ ಓಡಿದ. ಟೀಚರಮ್ಮ ಹೊಸ ಸೀರೆ ಉಟ್ಟು, ಮಂಚದ ತುದಿಯಲ್ಲಿ ಹಣೆ ಹಿಡಿದುಕೊಂಡು ಕೂತಿದ್ದಳು.

"ಶುರುವಾಗ್ತಿದೆ ರೀ. ಕಣ್ಣ ಮುಂದೆ ಅಂಕುಡೊಂಕಾಗಿ ಬೆಳಕು ಬರ್ತಿದೆ. ಆ ಮಕ್ಕಳು ಕಾಯ್ತಿರ್ತವೆ."

"ಚೀಸು ತಿಂದ್ಯಾ?"

"ಇಲ್ಲ."

"ಪಕ್ಕದ ಮನೆಯವರು ಏನಾದ್ರೂ ಕೊಟ್ರಾ? ನಿಜ ಹೇಳು. ಮತ್ತೇನು ತಿಂದೆ?"

"ಏನೂ ತಿಂದಿಲ್ಲ."

"ಏನೂ ತಿನ್ನದೆ ತಲೆನೋವು ಹೇಗೆ ಬರುತ್ತೆ?"

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ತಾಯಿ ಹೇಳಿದಳು: "ಹಾಗೇ ಬರುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಯಲ್ಲೋ. ಚೀಸಿನ ದಿನವೂ ನೀನು ಬಂದಿದ್ದು ಸಂಜೆಗೇ. ಅವತ್ತೂ ಇವಳು ಕಾದಳು, ಇವತ್ತೂ ಕಾದಳು."

ಫ್ಯೂಸಣ್ಣನ ಹೊಟ್ಟೆಯಲ್ಲಿ ಎರಡು ಬನ್ನುಗಳೂ ಕಲ್ಲಾದವು. ಅವನು ತಾಯಿಯ ಕೈಯಿಂದ ತಟ್ಟೆ ತೆಗೆದುಕೊಂಡು ಹೆಂಡತಿಯ ಪಕ್ಕ ಕೂತ. ಅವಳು ನಾಲ್ಕು ತುತ್ತು ತಿಂದು, ಡಾಕ್ಟರು ಕೊಟ್ಟಿದ್ದ ಮಾತ್ರೆ ನುಂಗಿ, ಕಣ್ಣು ಮುಚ್ಚಿದಳು. ಹೊರಗಡೆ ಹಾರ್ನ್ ಹೊಡೆದ ತರಕಾರಿ ಗಾಡಿಯವನನ್ನು ಅವನು ಕೈ ಮುಗಿದು ಮುಂದಿನ ಬೀದಿಗೆ ಕಳಿಸಿಬಂದ.

ಸಂಜೆ ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಟೀಚರಮ್ಮ ಎದ್ದು ನಿಂತಳು. ವೇದಿಕೆಯ ದೀಪಗಳ ಕೆಲಸ ಫ್ಯೂಸಣ್ಣನದೇ. ಅವಳ ಕಣ್ಣಿಗೆ ಹೊಡೆಯುತ್ತಿದ್ದ ದೊಡ್ಡ ದೀಪವನ್ನು ಆರಿಸಿಬಿಟ್ಟ. "ಬೆಳಕೇ ಸಾಲದು," ಎಂದು ಹೆಡ್ಮಾಸ್ತರು ಗೊಣಗಿದರು. ಅವನು ಕೇಳಿಸಿಕೊಳ್ಳಲಿಲ್ಲ. ಅವಳು ಕೈ ಎತ್ತಿದಳು, ಮಕ್ಕಳು ಅವಳ ಮುಖ ನೋಡಿಕೊಂಡು ಒಂದು ಸಾಲೂ ಮರೆಯದೆ ಹಾಡಿದವು. ಕತ್ತಲಲ್ಲಿ ಫ್ಯೂಸಣ್ಣ ಮೂಗು ಒರೆಸಿಕೊಂಡದ್ದನ್ನು ಯಾರೂ ಕಾಣಲಿಲ್ಲ. (ಕತ್ತಲು ಮಾಡಿದವನೂ ಅವನೇ ತಾನೆ.)

ರಾತ್ರಿ ಊಟಕ್ಕೆ ಮೂವರೂ ಕೂತರು. ಪಕ್ಕದ ಮನೆಯಿಂದ ಬಿಡುಗಡೆಯಾಗಿ ಬಂದ ಚೀಸು ತಾಯಿಯ ತಟ್ಟೆಯಲ್ಲಿತ್ತು.

"ನಿಂಗೆ ಮೊದಲೇ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದ ಫ್ಯೂಸಣ್ಣ.

"ಡಾಕ್ಟರು ಮೊದಲು ಹೇಳಿದ್ದೇ ಅದು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಹಸಿದು ಕೂರಬೇಡಿ ಅಂತ. ನೀವು ಹೊರಗೆ ಫೋನಲ್ಲಿ ಪಂಪಿನ ವಿಚಾರ ಮಾತಾಡ್ತಿದ್ರಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ನಂಗೆ ಕಾಯ್ಬೇಡ, ನೀನು ತಿಂದ್ಬಿಡು ಅಂತಿದ್ರಿ. ಅಷ್ಟೇ ತಾನೆ?" ಟೀಚರಮ್ಮ ತಟ್ಟೆ ನೋಡುತ್ತಾ ಹೇಳಿದಳು. "ನೀವೇ ದಿನಾ ಬಂದು ಎದುರಿಗೆ ಕೂತ್ರಿ. ಅದಕ್ಕೆ ಆಲೂಗಡ್ಡೇನೂ ರುಚಿಯಾಗಿತ್ತು."

ಫ್ಯೂಸಣ್ಣ ತನ್ನ ತಟ್ಟೆಯನ್ನು ಅವಳ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡ.

"ಟೊಮೆಟೊ ಮೇಲೆ ನಂಗೆ ಇನ್ನೂ ಸ್ವಲ್ಪ ಅನುಮಾನ ಇದೆ ರೀ. ನಾಳೆಯಿಂದ ಮತ್ತೆ ಶುರು ಮಾಡೋಣ್ವಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವನ ಕೈ ಅಭ್ಯಾಸಬಲದಿಂದ ಅತ್ತ ಹೋಯಿತು. ಅದಕ್ಕಿಂತ ಮೊದಲು ತಾಯಿಯ ಚೀಸಿನ ಕೈ ಹೋಗಿತ್ತು.

"ಅವನು ಊಟಕ್ಕೆ ಕೂತಿದಾನಪ್ಪ," ಎಂದಳು ತಾಯಿ ಫೋನಿಗೆ. "ನಿಮ್ಮನೇದು ಬರೀ ಫ್ಯೂಸು, ನಾಳೆ ಹಾಕಿದ್ರೂ ಆಗುತ್ತೆ. ನಮ್ಮನೆ ಮೈನ್ ಇವತ್ತೇ ಸರಿಹೋಗಿರೋದು."