ರೇಶ್ಮಾಳ ನಡಿಗೆ, ನನ್ನ ನಾಲಿಗೆ

ಇಡೀ ಇಬ್ರಾಹಿಂಪುರದಲ್ಲಿ ನಾನು ಅಣಕಿಸದ ಜೀವವೇ ಇರಲಿಲ್ಲ. ಅಪ್ಪನ ಕೆಮ್ಮನ್ನು ಅಪ್ಪನಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ! ಹೇಳಿದ ಕೆಲಸವನ್ನು ಮಾತ್ರ ತಪ್ಪದೆ ಕೆಡಿಸುತ್ತಿದ್ದೆ.

ಪಕ್ಕದ ಮನೆಯ ಟಾಂಗಾವಾಲಾ ದಸ್ತಗೀರ್ ಚಾಚಾರ ಎರಡು ಕುದುರೆಗಳೇ ನನ್ನ ಗುರುಗಳು. ಶೇರು ಭೀಮಥಡಿ ತಳಿಯ ಗಿಡ್ಡ ತಟ್ಟು. ಟಕ್-ಟಕ್ ಎಂದು ಮೈ ಕುಲುಕಿಸುವ ಅದರ ದುಡಕಿ ಓಟಕ್ಕೆ ಉಂಡ ರೊಟ್ಟಿ ಗಂಟಲಿಗೆ ಬರುತ್ತಿತ್ತು. ಸ್ವಭಾವ ಮಾತ್ರ ಗುಮಾಸ್ತನದು: ಬೈದರೂ ಅವಸರವಿಲ್ಲ, ಹೊಗಳಿದರೂ ಇಲ್ಲ. ರೇಶ್ಮಾ ಮಾರವಾಡಿ ತಳಿಯ ಹೆಣ್ಣು. ನಾಲ್ಕು ಕಾಲೂ ಒಂದಾದ ಮೇಲೊಂದು ನೆಲ ಮುಟ್ಟುವ ರೇವಾಲ ನಡಿಗೆ, ತೊಟ್ಟಿಲಿನಷ್ಟು ನುಣುಪು. ಮುನಿಸು ಜಾಸ್ತಿ, ಕಿವಿ ಬಲು ಚುರುಕು. ನಾನು ನಾಲಿಗೆಯಲ್ಲಿ ಶೇರುವಿನ ಟಕ್-ಟಕ್ ಅಣಕಿಸಿದರೆ ಅವಳೂ ದುಡಕಿಗೆ ಇಳಿಯುತ್ತಿದ್ದಳು. ಬಬಲೇಶ್ವರದ ಹಾದಿಯಲ್ಲಿ ಅವಳ ಬೆನ್ನೇರಿದ ಸಂಜೆಗಳಲ್ಲಿ ಮಾತ್ರ ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ.

ವಿಜಾಪುರಕ್ಕೆ ಆಟೋಗಳು ಬಂದವು, ಟಾಂಗಾಕ್ಕೆ ಗಿರಾಕಿ ಕಡಿಮೆಯಾದರು. ಎರಡೂ ಕುದುರೆ ಸಾಕಲಾಗದೆ ಚಾಚಾ ರೇಶ್ಮಾಳನ್ನು ತಿಕೋಟಾದ ಗೌಡರಿಗೆ ಮಾರಲು ಹೊರಟರು.

"ಗೌಡ್ರು ನಡಿಗಿ ಪರೀಕ್ಷಾ ಮಾಡ್ತಾರಂತ. ಮಜ್ಜಿಗಿ ಗ್ಲಾಸ್ ಹಿಡಕೊಂಡು ಮ್ಯಾಲ ಕುಂದ್ರಬೇಕು. ಚೆಲ್ಲಿದ್ರ ಸೌದಾ ಇಲ್ಲ. ನೀ ಕುಂದ್ರತಿ ಏನ್ ಬೇಟಾ?"

"ಹನಿ ಚೆಲ್ಲಿದ್ರ ನನ್ನ ಹೆಸರು ಬದಲ ಮಾಡ್ರಿ ಚಾಚಾ!"

ಮನಸ್ಸಿನಲ್ಲಿ ಮಾತ್ರ, ಸದರಿ ಗ್ಲಾಸನ್ನು ಸಂಪೂರ್ಣ ಖಾಲಿ ಮಾಡತಕ್ಕದ್ದೆಂಬ ಠರಾವು ಅವಿರೋಧವಾಗಿ ಪಾಸಾಗಿತ್ತು. ಸೌದಾ ಮುರಿದರೆ ರೇಶ್ಮಾ ನಮ್ಮ ಓಣಿಯಲ್ಲೇ ಉಳಿಯುತ್ತಾಳೆ!

ಗೌಡರ ಹೊಲದ ದಾರಿಯಲ್ಲಿ ರೇಶ್ಮಾ ಹೊರಟಳು. ಮಜ್ಜಿಗೆ ಅಲುಗಲಿಲ್ಲ. ನಾನು ಮೆಲ್ಲಗೆ ನಾಲಿಗೆ ಹೊಡೆದೆ. ಟಕ್-ಟಕ್! ಅವಳು ದುಡಕಿಗೆ ಇಳಿದಳು. ಮೂಗು, ಬಾಯಿ, ಅಂಗಿ, ಕ್ರಾಪು, ಎಲ್ಲ ಕಡೆ ಮಜ್ಜಿಗೆ! ಗೆದ್ದೆ!

ಗೌಡರು ಹತ್ತಿರ ಬಂದರು. "ತಮ್ಮಾ, ನೀ ನಾಲಿಗಿ ಹೊಡದಿ, ಅದು ನಡಿಗಿ ಬದಲಿಸ್ತು. ಹೌದಿಲ್ಲೋ?"

ಬಾಯಿ ತುಂಬ ಮಜ್ಜಿಗೆ. ಸುಳ್ಳಿಗೆ ಜಾಗವಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

"ನಾ ಬರೇ ನಡಿಗಿ ಹುಡುಕಾಕತ್ತಿದ್ದೆ. ಇದು ಮಾತೂ ಕೇಳ್ತೈತಿ! ದಸ್ತಗೀರಾ, ಕುದುರಿ ನಂದು!" ಎಂದವರೇ ನನ್ನತ್ತ ತಿರುಗಿದರು. "ನೀ ಹಂಗ ಹೋಗಬ್ಯಾಡ. ಆ ನಾಲಿಗಿ ವಿದ್ಯಾ ನನಗ ಕಲಿಸಿ ಹೋಗು."

ಕಲಿಸಿದೆ! ಗೌಡರ ಬಾಯಲ್ಲಿ ಎಲೆ-ಅಡಿಕೆ. ಮೊದಲು ಬರೀ ಉಗುಳು ಸಿಡಿಯಿತು. ಇವರಿಗೆ ಬಾರದಿರಲಿ ಎಂದು ಬೇಡಿಕೊಂಡೆ. ಬಂತು. ರೇಶ್ಮಾಳ ಕಿವಿಗಳು ಮೆಲ್ಲಗೆ ನನ್ನಿಂದ ಅವರ ಕಡೆಗೆ ಹೊರಳಿದವು.

ಅಥಣಿ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಚಾಚಾ ಕೇಳಿದರು, "ಬೇಕಂತನ ಚೆಲ್ಲಿದಿ, ಹೌದಿಲ್ಲೋ?"

"ಹೌದ್ರಿ ಚಾಚಾ."

ಅವರು ನನ್ನ ಕ್ರಾಪಿನಲ್ಲಿ ಒಣಗಿದ ಮಜ್ಜಿಗೆಯನ್ನು ಉಗುರಿನಿಂದ ಕೆರೆದು ತೆಗೆದರು. "ಸೌದಾ ಇನ್ನೊಂದೀಟು ಛಲೋ ಕೆಡಿಸಬಾರದಿತ್ತೇನಲೇ?"

ಕೆಲಸ ಕೆಡಿಸುವುದರಲ್ಲಿ ಓಣಿಗೇ ಹೆಸರಾದವನು ನಾನು. ಬೇಕಾದ ದಿನ ಅದೂ ಬರಲಿಲ್ಲ!